ಕಾವೇರಿಯ ಮಹಶೀರ್ ಹುಡುಕಿ: ಮಹಾಲಿಂಗಪುರದಿಂದ ವಾಲ್ನೂರಿಗೆ ಚಳಿಗಾಲದ ಗಾಳದ ಪ್ರವಾಸ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಈ ಎರಡು ಹೊಳೆಗಳ ನಡುವಿನ ಮಹಾಲಿಂಗಪುರ, ರಬಕವಿ-ಬನಹಟ್ಟಿ, ಮುಧೋಳ, ಜಮಖಂಡಿ, ಬೀಳಗಿ ಸೀಮೆಯಲ್ಲಿ ಗಾಳ ಹಾಕುವ ಹವ್ಯಾಸದವರಿಗೆ ಕೊರತೆಯಿಲ್ಲ. ರೋಹು, ಕಾಟ್ಲಾ, ಗೆಂಡೆ ಮೀನುಗಳನ್ನು ಎಳೆದ ಕೈಗೆ ಒಮ್ಮೆಯಾದರೂ ಮಹಶೀರ್ ತಾಕಬೇಕು ಎಂಬ ಆಸೆ ಸಹಜ. ಆ ಆಸೆಯನ್ನು ಕಾನೂನಿನ ಚೌಕಟ್ಟಿನಲ್ಲಿ, ಮೀನಿಗೆ ಕೇಡಾಗದಂತೆ ಈಡೇರಿಸಿಕೊಳ್ಳಲು ಕೊಡಗಿನ ವಾಲ್ನೂರು ತಕ್ಕ ಜಾಗ. ಒಂದು ಷರತ್ತು ಮಾತ್ರ ಮೊದಲೇ ಒಪ್ಪಿಕೊಳ್ಳಬೇಕು: ಇಲ್ಲಿ ಹಿಡಿದ ಮೀನು ಮನೆಗೆ ಬರುವುದಿಲ್ಲ, ಜೀವಂತವಾಗಿ ಹೊಳೆಗೇ ಮರಳುತ್ತದೆ. ದಿನ ಗೊತ್ತು ಮಾಡುವುದರಿಂದ ಹಿಡಿದು ಗಾಳದ ಮುಳ್ಳು ಒತ್ತುವವರೆಗೆ ಮುಂದಿನ ಎಲ್ಲ ಹಂತಗಳೂ ಈ ಷರತ್ತಿನಿಂದಲೇ ಹುಟ್ಟಿದವು.

ಮೊದಲು ಮೀನನ್ನು ತಿಳಿಯಿರಿ

ಕಾವೇರಿಯಲ್ಲಿ ಗಾಳಕ್ಕೆ ಸಿಗುವ ಮುಖ್ಯ ಮಹಶೀರ್ ಎರಡು ಬಗೆಯವು. ಒಂದು, ಕಾವೇರಿ ಕಣಿವೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್. ತಲೆಯ ಹಿಂದೆ ಎದ್ದು ಕಾಣುವ ಗೂನು, ಕಿತ್ತಳೆ ಬಣ್ಣದ ಬಾಲ ಇದರ ಗುರುತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡ್, ಅಂದರೆ ಸುಮಾರು 54 ಕಿಲೊ ತೂಕದ ಮಹಶೀರ್ ಇಂದಿಗೂ ಗಾಳಗಾರರ ಮಾತಿನಲ್ಲಿದೆ. ಅಷ್ಟು ಪ್ರಸಿದ್ಧವಾದ ಗೂನುಬೆನ್ನಿನ ಮೀನು ‘ಟಾರ್ ರೆಮಾದೇವಿ’ ಪ್ರಭೇದಕ್ಕೆ ಸೇರಿದ್ದು ಎಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು.

ಎರಡನೆಯದು ನೀಲಿ ರೆಕ್ಕೆಯ ಮಹಶೀರ್, ‘ಟಾರ್ ಖುದ್ರೀ’. ನಮ್ಮ ಸೀಮೆಯ ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಇದು ಮೂಲತಃ ಕೃಷ್ಣಾ ಕಣಿವೆಯ ಮೀನು. 1839ರಲ್ಲಿ ಸೈಕ್ಸ್ ಎಂಬ ಪ್ರಕೃತಿ ವಿಜ್ಞಾನಿ ಇದನ್ನು ವಿವರಿಸಿದ್ದು ಪುಣೆ ಬಳಿಯ ಮುಳಾ-ಮುಠಾ ಹೊಳೆಯ ಮೀನು ನೋಡಿ. ಆ ನೀರು ಭೀಮೆಯ ಮೂಲಕ ಕೃಷ್ಣೆಯನ್ನೇ ಸೇರುತ್ತದೆ. ಲೋಣಾವಳದ ಟಾಟಾ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ಇದರ ಮರಿಗಳನ್ನು 1970ರ ದಶಕದಿಂದೀಚೆಗೆ ಕಾವೇರಿಗೆ ಬಿಡಲಾಯಿತು. ಒಳ್ಳೆಯ ಉದ್ದೇಶದ ಆ ಕೆಲಸದ ನಂತರ ಕಾವೇರಿಯಲ್ಲಿ ನೀಲಿ ರೆಕ್ಕೆಯದು ಹೆಚ್ಚಿತು, ಗೂನುಬೆನ್ನಿನದು ಕುಗ್ಗಿತು. ನಿಮ್ಮ ಗಾಳಕ್ಕೆ ಯಾವುದು ಬಿತ್ತು ಎಂದು ಗುರುತಿಸಲು ಬರಬೇಕು. ಹೊರಡುವ ಮುನ್ನ ಎರಡರ ಚಿತ್ರಗಳನ್ನೂ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.

ಹಂತ 1: ದಿನ ಗೊತ್ತು ಮಾಡುವುದು

ಮಹಶೀರ್ ಮಳೆಗಾಲದಲ್ಲಿ ಪ್ರವಾಹಕ್ಕೆ ಎದುರಾಗಿ ಏರಿ, ಕಲ್ಲು-ಮರಳಿನ ಹಳ್ಳಗಳಲ್ಲಿ ಮೊಟ್ಟೆಯಿಡುತ್ತದೆ. ಆಗ ಗಾಳದ ಮಾತೇ ಬೇಡ. ಹಿಂಗಾರು ಮುಗಿದು, ಹೊಳೆ ಇಳಿದು, ನೀರು ತಿಳಿಯಾಗುವ ಡಿಸೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗಿನ ಅವಧಿ ಒಳ್ಳೆಯದು.

ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ರೆಡ್‌ವುಡ್ ಮರಗಳ ಕಾಡಿನ ನಡುವೆ ಹರಿಯುವ ಈಲ್, ಸ್ಮಿತ್ ನದಿಗಳಿಗೆ ಚಳಿಗಾಲದಲ್ಲಿ ಸಮುದ್ರದಿಂದ ‘ಸ್ಟೀಲ್‌ಹೆಡ್’ ಮೀನು ಏರಿ ಬರುತ್ತದೆ. ಅಲ್ಲಿನ ಗಾಳಗಾರರು ಕ್ಯಾಲೆಂಡರಿಗಿಂತ ಮೊದಲು ನೀರಿನ ಮಟ್ಟ ನೋಡುತ್ತಾರೆ. ಮಳೆ ಬಂದು ಹೊಳೆ ಏರಿ, ಮತ್ತೆ ಇಳಿಯತೊಡಗಿದಾಗ ಹೊರಡುತ್ತಾರೆ. ನೀರು ತೀರ ಕಡಿಮೆಯಾದರೆ ಸರ್ಕಾರವೇ ಗಾಳ ನಿಲ್ಲಿಸುತ್ತದೆ. ಅದೇ ಶಿಸ್ತು ನಮಗೂ ಬೇಕು. ಘಟಪ್ರಭೆಯಲ್ಲಿ ನೀರಿನ ಏರಿಳಿತಕ್ಕೆ ಹಿಡಕಲ್ ಜಲಾಶಯದ ಗೇಟು ಕಾರಣ. ಕಾವೇರಿಗೆ ಅಡ್ಡಲಾಗಿ ಮೊದಲ ದೊಡ್ಡ ಅಣೆಕಟ್ಟು ಇರುವುದು ಕನ್ನಂಬಾಡಿಯಲ್ಲಿ. ವಾಲ್ನೂರು ಅದಕ್ಕಿಂತ ಬಹಳ ಮೇಲೆ ಇರುವುದರಿಂದ ಅಲ್ಲಿನ ಹರಿವು ಮಳೆಯನ್ನೇ ಅನುಸರಿಸುತ್ತದೆ. ಬಂಗಾಳ ಕೊಲ್ಲಿಯ ಚಂಡಮಾರುತದಿಂದ ಡಿಸೆಂಬರಿನಲ್ಲಿ ಅಕಾಲ ಮಳೆ ಬಂದರೆ ನೀರು ಮತ್ತೆ ಕೆಂಪಾಗುತ್ತದೆ. ಹೊರಡುವ ಹಿಂದಿನ ದಿನ ನೀವು ಉಳಿಯುವ ಮನೆಯವರಿಗೆ ಫೋನ್ ಮಾಡಿ, ‘ಮೊಣಕಾಲುದ್ದ ನೀರಿನ ತಳದ ಕಲ್ಲು ಕಾಣುತ್ತದೆಯೆ?’ ಎಂದು ಕೇಳಿ. ಕಾಣದಿದ್ದರೆ ಎರಡು-ಮೂರು ದಿನ ಮುಂದಕ್ಕೆ ಹಾಕಿ.

ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ ಕೊಡಗು ಪ್ರವಾಸಿಗರಿಂದ ತುಂಬಿರುತ್ತದೆ. ಸಂಕ್ರಾಂತಿ ಕಳೆದ ಮೇಲಿನ ವಾರದ ನಡುವಿನ ದಿನಗಳಲ್ಲಿ ಹೊಳೆದಂಡೆ ಶಾಂತವಾಗಿರುತ್ತದೆ, ಕೋಣೆಯೂ ಸುಲಭವಾಗಿ ಸಿಗುತ್ತದೆ.

ಹಂತ 2: ಪರವಾನಗಿ

ಪರವಾನಗಿ ಕೈಗೆ ಬರುವವರೆಗೆ ರೈಲಿನ ಟಿಕೆಟ್ ಮಾಡಿಸಬೇಡಿ. ವಾಲ್ನೂರು ಭಾಗದಲ್ಲಿ ಮಹಶೀರ್ ರಕ್ಷಣೆಯ ಹೊಣೆ ಹೊತ್ತು, ಗಾಳಕ್ಕೆ ಅನುಮತಿ ನೀಡುತ್ತಾ ಬಂದಿರುವುದು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ. ಕಡಿಮೆಯೆಂದರೂ ಒಂದು ತಿಂಗಳು ಮೊದಲು ಸೊಸೈಟಿಯನ್ನು, ಜೊತೆಗೆ ಕೊಡಗಿನ ಮೀನುಗಾರಿಕೆ ಇಲಾಖೆಯನ್ನು ಸಂಪರ್ಕಿಸಿ ನಾಲ್ಕು ಸಂಗತಿ ಕೇಳಿ: ಈ ಹಂಗಾಮಿಗೆ ಅನುಮತಿ ಇದೆಯೆ, ದಿನದ ಶುಲ್ಕ ಎಷ್ಟು, ಹೊಳೆಯ ಯಾವ ಗಡಿಯಿಂದ ಯಾವ ಗಡಿಯವರೆಗೆ, ಯಾವ ಎರೆ ಮತ್ತು ಗಾಳಕ್ಕೆ ಒಪ್ಪಿಗೆ. ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಭೀಮೇಶ್ವರಿ, ಗಾಲಿಬೋರೆ ಎಂಬ ಹೆಸರು ಹೇಳಿ ಯಾರಾದರೂ ಗಾಳದ ಆಸೆ ತೋರಿಸಿದರೆ ಒಪ್ಪಬೇಡಿ. ಜಗತ್ತಿನ ಗಾಳಗಾರರನ್ನು ಸೆಳೆದಿದ್ದ ಆ ಶಿಬಿರಗಳು ಕಾವೇರಿ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿದ್ದ ಕಾರಣ 2012ರ ಹೊತ್ತಿಗೆ ಅಲ್ಲಿ ಗಾಳ ನಿಂತಿತು. ರಾಮನಾಥಪುರ, ಶೃಂಗೇರಿ, ಶಿಶಿಲದಂಥ ದೇವಸ್ಥಾನದ ಮಡುಗಳ ಮೀನು ದೇವರ ಮೀನು. ಅಲ್ಲಿ ಮಂಡಕ್ಕಿ ಹಾಕಿ ಕೈಮುಗಿದು ಬನ್ನಿ. ಗಾಳವಿಲ್ಲದೆ ಮಹಶೀರ್ ಅನ್ನು ಹತ್ತಿರದಿಂದ ನೋಡಲು, ಮಕ್ಕಳಿಗೆ ತೋರಿಸಲು ಅವುಗಳಿಗಿಂತ ಒಳ್ಳೆಯ ಜಾಗವಿಲ್ಲ.

ಹಂತ 3: ದಾರಿ

ಬಾಗಲಕೋಟೆಯ ಮೇಲೆ ಹಾದು ಮೈಸೂರಿಗೆ ಹೋಗುವ ಗೋಲಗುಂಬಜ್ ಎಕ್ಸ್‌ಪ್ರೆಸ್ ನಮಗೆ ಅನುಕೂಲ. ಮೈಸೂರಿನಿಂದ ಕುಶಾಲನಗರಕ್ಕೆ ಸುಮಾರು 85 ಕಿ.ಮೀ., ಬಸ್ಸುಗಳು ಧಾರಾಳ. ಅಲ್ಲಿಂದ ಸಿದ್ದಾಪುರದ ಕಡೆಗೆ ಹೋಗುವ ರಸ್ತೆಯಲ್ಲಿ ವಾಲ್ನೂರು ಸಿಗುತ್ತದೆ. ಹೋಗಲು ಒಂದು ದಿನ, ಬರಲು ಒಂದು ದಿನ, ಹೊಳೆಗೆ ಕನಿಷ್ಠ ಎರಡು ದಿನ ಇಟ್ಟುಕೊಳ್ಳಿ.

ಸ್ವಂತ ವಾಹನದಲ್ಲಿ ಹೊರಡುವವರು ನಸುಕಿನ ಕತ್ತಲೆಯಲ್ಲಿ ಊರು ಬಿಡಬೇಡಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಸಮೀರವಾಡಿ, ಮುಧೋಳ ಸುತ್ತಿನ ರಸ್ತೆಗಳಲ್ಲಿ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿರುತ್ತವೆ. ಬೆಳಕು ಹರಿದ ಮೇಲೆ ಹೊರಟು, ದಾರಿಯಲ್ಲಿ ಒಂದು ರಾತ್ರಿ ತಂಗುವುದು ಕ್ಷೇಮ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಬೆಲ್ಲ ಕಟ್ಟಿಕೊಳ್ಳಿ. ಹೊಳೆದಂಡೆಯಲ್ಲಿ ಇಡೀ ದಿನ ಕೂರುವವರಿಗೆ ಕೆಡದ ಬುತ್ತಿ ಇದೇ.

ಹಂತ 4: ಸಲಕರಣೆ

ಎಂಟರಿಂದ ಹತ್ತು ಅಡಿ ಉದ್ದದ ಗಟ್ಟಿ ಗಾಳದ ಕೋಲು, ಡ್ರ್ಯಾಗ್ ಸರಿಯಾಗಿ ಕೆಲಸ ಮಾಡುವ ರೀಲ್, 30 ಪೌಂಡ್ ಎಳೆತ ತಡೆಯುವ ತಂಗೂಸಿ ಸಾಕು. ತೆಳು ದಾರದಲ್ಲಿ ದೊಡ್ಡ ಮೀನು ಆಡಿಸುವುದು ಹೆಚ್ಚುಗಾರಿಕೆ ಎನ್ನುವವರಿದ್ದಾರೆ. ಆದರೆ ಹೊಡೆದಾಟ ಉದ್ದವಾದಷ್ಟೂ ಮೀನು ಸುಸ್ತಾಗುತ್ತದೆ, ಬಿಟ್ಟ ಮೇಲೆ ಚೇತರಿಸಿಕೊಳ್ಳುವುದು ಕಷ್ಟವಾಗುತ್ತದೆ. ದಾರ ಹರಿದು, ಬಾಯಲ್ಲಿ ಗಾಳ ಸಿಕ್ಕಿಸಿಕೊಂಡು ಹೋಗುವ ಮೀನಿನ ಪಾಡು ಇನ್ನೂ ಕೆಟ್ಟದ್ದು.

ಗಾಳ ಒಂಟಿ ಕೊಕ್ಕೆಯದೇ ಇರಲಿ. ಅದರ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಹತ್ತಿಬಟ್ಟೆಗೆ ಚುಚ್ಚಿ ಎಳೆದಾಗ ತಡೆಯಿಲ್ಲದೆ ಹೊರಬಂದರೆ ಸರಿಯಾಗಿದೆ ಎಂದರ್ಥ. ದಾರ ಸಡಿಲ ಬಿಡದಿದ್ದರೆ ಇಂಥ ಗಾಳದಿಂದ ಮೀನು ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳದು. ಮಹಶೀರ್‌ನ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಏಡಿಯ ಚಿಪ್ಪನ್ನೇ ಪುಡಿ ಮಾಡುವ ಹಲ್ಲದು. ಆದ್ದರಿಂದ ಗಾಳದ ಉಕ್ಕು ಗಟ್ಟಿಯಿರಬೇಕು, ಗಾಳ ಬಿಡಿಸಲು ಕೈಬೆರಳಿನ ಬದಲು ಉದ್ದ ಮೂತಿಯ ಇಕ್ಕಳ ಬೇಕು. ಜೊತೆಗೆ ರಬ್ಬರ್ ಬಲೆಯ ಕೈಬಲೆ ತೆಗೆದುಕೊಳ್ಳಿ. ಗಂಟಿನ ನೈಲಾನ್ ಬಲೆ ಮೀನಿನ ಹುರುಪೆ ಕೀಳುತ್ತದೆ.

ಕೃಷ್ಣೆಯಲ್ಲಿ ಬಳಸಿದ ಸಲಕರಣೆಯನ್ನು ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ ಒಯ್ಯಿರಿ. ಒಂದು ಹೊಳೆಯ ರೋಗ, ಕಳೆ ಇನ್ನೊಂದು ಹೊಳೆಗೆ ದಾಟಬಾರದು. ಎಸೆತದ ಅಭ್ಯಾಸವನ್ನು ಊರಲ್ಲೇ ಮುಗಿಸಿ. ಗಾಳ ಕಟ್ಟದೆ ಸೀಸದ ಗುಂಡು ಮಾತ್ರ ಕಟ್ಟಿ, ಕಟಾವಾದ ಹೊಲದಲ್ಲಿ ಗುರಿಯಿಟ್ಟು ಎಸೆಯಿರಿ. ಹೊಳೆಯಲ್ಲೇ ಅಭ್ಯಾಸ ಮಾಡುವೆನೆಂದು ಕೃಷ್ಣೆಯ ನೀರಿಗೆ ಇಳಿಯಬೇಡಿ, ಅಲ್ಲಿ ಮೊಸಳೆಗಳಿವೆ.

ಹಂತ 5: ಎರೆ ಮತ್ತು ಜಾಗ

ಕಾವೇರಿ ದಂಡೆಯ ಹೆಸರಾಂತ ಎರೆ ರಾಗಿ ಮುದ್ದೆ. ರಾಗಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ನೀರಲ್ಲಿ ಕುದಿಸಿದರೆ ಸೆಳವಿಗೆ ಒಡೆಯದಷ್ಟು ಬಿಗಿಯಾಗುತ್ತದೆ. ಕೆಲವರು ವಾಸನೆಗೆಂದು ಮಸಾಲೆ ಪುಡಿ ಸೇರಿಸುತ್ತಾರೆ. ಹಿಟ್ಟನ್ನು ಕುಶಾಲನಗರದಲ್ಲೇ ಕೊಳ್ಳಬಹುದು. ಲೋಹದ ಚಮಚೆಯಂಥ ಸ್ಪೂನ್ ಎರೆಗೂ ಮಹಶೀರ್ ಎಗರುತ್ತದೆ. ಬೇರೆ ಹೊಳೆಯ ಜೀವಂತ ಮೀನನ್ನು ಎರೆಯಾಗಿ ಒಯ್ಯುವುದು ಮಾತ್ರ ಎಂದಿಗೂ ಸಲ್ಲ.

ಮಹಶೀರ್ ಓಡುವ ನೀರಿನ ಮೀನು. ಝರಿ ಬಂದು ಮಡುವಿಗೆ ಬೀಳುವ ತಲೆಭಾಗ, ದೊಡ್ಡ ಬಂಡೆಯ ಹಿಂದಿನ ನಿಧಾನ ನೀರು, ಮಡು ತೆಳುವಾಗಿ ಮತ್ತೆ ಓಟ ಹಿಡಿಯುವ ಕೊನೆಭಾಗ, ಈ ಮೂರು ಕಡೆ ನೋಡಿ. ಬೆಳಗಿನ ಮತ್ತು ಸಂಜೆಯ ಎಳೆ ಬೆಳಕು ಒಳ್ಳೆಯ ಹೊತ್ತು. ಸ್ಥಳೀಯ ಗಾಳಗಾರರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರ ದಿನಗೂಲಿಯನ್ನು ಮೊದಲೇ ಮಾತಾಡಿ ಪೂರ್ತಿ ಕೊಡಿ. ಜೀವಂತ ಮೀನಿನಿಂದ ದಂಡೆಯವರ ಮನೆ ನಡೆದರೆ ಆ ಮೀನಿಗೆ ಅವರೇ ಕಾವಲು.

ಹಂತ 6: ಹಿಡಿಯುವುದು, ಬಿಡುವುದು

ಕಚ್ಚಿದ ಮಹಶೀರ್‌ನ ಮೊದಲ ಓಟ ತಡೆಯಲು ಹೋಗಬೇಡಿ. ಕೋಲು ಎತ್ತಿ ಹಿಡಿದು, ರೀಲ್‌ಗೆ ದಾರ ಬಿಡಲು ಅವಕಾಶ ಕೊಡಿ. ಓಟ ನಿಂತ ಕೂಡಲೇ ಬಿಗಿಯಾಗಿ ಎಳೆದು, ಆದಷ್ಟು ಬೇಗ ದಂಡೆಗೆ ತನ್ನಿ. ಮುಂದಿನದು ಹೀಗೆ:

• ಮುಟ್ಟುವ ಮುನ್ನ ಕೈ ಒದ್ದೆ ಮಾಡಿ. ಒಣ ಕೈ ಮೀನಿನ ಮೈಮೇಲಿನ ಲೋಳೆಯನ್ನು ಅಳಿಸುತ್ತದೆ, ರೋಗ ತಡೆಯುವುದು ಆ ಲೋಳೆಯೇ.
• ಬಲೆಯನ್ನು ನೀರಲ್ಲೇ ಇಟ್ಟು ಗಾಳ ಬಿಡಿಸಿ. ಕಿವಿರಿನೊಳಗೆ ಬೆರಳು ಹಾಕಬೇಡಿ.
• ಗಾಳ ಗಂಟಲಿಗೆ ಇಳಿದಿದ್ದರೆ ಕೀಳಬೇಡಿ, ದಾರವನ್ನು ಹತ್ತಿರದಲ್ಲೇ ಕತ್ತರಿಸಿ.
• ಉದ್ದವನ್ನು ನೀರಲ್ಲೇ ಟೇಪಿನಿಂದ ಅಳೆಯಿರಿ. ತೂಕದ ಕೊಕ್ಕೆಗೆ ನೇತು ಹಾಕಬೇಡಿ.
• ಫೋಟೊ ಬೇಕಾದರೆ ಕ್ಯಾಮೆರಾ ಸಿದ್ಧವಾದ ಮೇಲೆ, ಕೆಲವೇ ಕ್ಷಣ, ನೀರಿಗೆ ತಾಕಿದಂತೆ ಎತ್ತಿ.
• ಬಿಡುವಾಗ ಮೂತಿ ಸೆಳವಿಗೆ ಎದುರಾಗಿರಲಿ. ಹೊಟ್ಟೆಯಡಿ ಮತ್ತು ಬಾಲದ ಬುಡದಲ್ಲಿ ಮೆಲ್ಲಗೆ ಆನಿಸಿ ಹಿಡಿಯಿರಿ. ಮೀನು ತಾನಾಗಿ ಬಾಲ ಬೀಸಿ ಹೊರಟಾಗಲೇ ಕೈ ಬಿಡಿ.

ಹಂತ 7: ಲೆಕ್ಕ ಬರೆಯುವುದು

ದಿನಾಂಕ, ಗಾಳ ಹಾಕಿದ ಗಂಟೆ, ಜಾಗ, ನೀರಿನ ಬಣ್ಣ, ಮೀನಿನ ಬಗೆ, ಉದ್ದ, ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಏನೂ ಸಿಗದ ದಿನವನ್ನೂ ಬಿಡಬೇಡಿ. ಗಾಲಿಬೋರೆ ಶಿಬಿರದ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕದಿಂದಲೇ ಗೂನುಬೆನ್ನಿನ ಮಹಶೀರ್ ಕುಸಿಯುತ್ತಿರುವ ಸಂಗತಿ ವಿಜ್ಞಾನಿಗಳಿಗೆ ಸ್ಪಷ್ಟವಾಯಿತು. ನಿಮ್ಮ ಲೆಕ್ಕದ ಒಂದು ಪ್ರತಿಯನ್ನು ಪರವಾನಗಿ ಕೊಟ್ಟವರಿಗೆ ತಲುಪಿಸಿ.

ಎಚ್ಚರಿಕೆಗಳು

ಹತ್ತಿರದಲ್ಲೇ ದುಬಾರೆ ಕಾಡಿದೆ, ಕಾಡಾನೆಗಳು ಹೊಳೆಗೆ ಇಳಿಯುತ್ತವೆ. ಕತ್ತಲಾಗುವ ಮುನ್ನ ದಂಡೆ ಬಿಡಿ, ಒಬ್ಬರೇ ಹೋಗಬೇಡಿ. ತೆಪ್ಪ ಹತ್ತುವವರು ಜೀವರಕ್ಷಕ ಜಾಕೆಟ್ ತೊಡಲೇಬೇಕು. ಬಂಡೆಗಳ ಮೇಲೆ ಪಾಚಿ ಇರುತ್ತದೆ, ಹಿಡಿತವಿರುವ ಬೂಟು ಹಾಕಿ. ಬೆಳಗಿನ ಚಳಿಗೆ ಸ್ವೆಟರ್ ಬೇಕು. ಹರಿದ ತಂಗೂಸಿಯ ತುಂಡನ್ನು ಜೇಬಿಗೆ ಹಾಕಿಕೊಳ್ಳಿ, ಅದು ನೀರುನಾಯಿ ಮತ್ತು ಹಕ್ಕಿಗಳ ಕಾಲಿಗೆ ಉರುಳಾಗುತ್ತದೆ. ಕಾಫಿ ಕೊಯ್ಲಿನ ಕಾಲವಾದ್ದರಿಂದ ತೋಟದೊಳಗೆ ಕಾಲಿಡುವ ಮುನ್ನ ಮಾಲೀಕರನ್ನು ಕೇಳಿ.

ಹೊರಡುವ ಮುನ್ನ

ಒಂದು ತಿಂಗಳು ಮೊದಲು: ಅನುಮತಿಯ ವಿಚಾರಣೆ, ಪರವಾನಗಿ.
ಮೂರು ವಾರ ಮೊದಲು: ರೈಲು, ಕೋಣೆ, ಸ್ಥಳೀಯ ಜೊತೆಗಾರ.
ಒಂದು ವಾರ ಮೊದಲು: ಸಲಕರಣೆ ತೊಳೆದು ಒಣಗಿಸುವುದು, ಹಿಂಮುಳ್ಳು ಒತ್ತುವುದು, ಎಸೆತದ ಅಭ್ಯಾಸ.
ಹಿಂದಿನ ದಿನ: ಮಳೆ ಮತ್ತು ನೀರಿನ ಬಣ್ಣದ ವಿಚಾರಣೆ.

ಬಂದ ಮೇಲೆ

ವಾಲ್ನೂರಿನಲ್ಲಿ ಕಲಿತದ್ದು ನಮ್ಮ ಹೊಳೆಗಳಲ್ಲೂ ನಡೆಯಬೇಕು. ನೀಲಿ ರೆಕ್ಕೆಯ ಮಹಶೀರ್‌ನ ತವರು ಕೃಷ್ಣಾ ಕಣಿವೆ. ಘಟಪ್ರಭೆಯಲ್ಲೋ ಕೃಷ್ಣೆಯಲ್ಲೋ ಎಂದಾದರೂ ಅದು ನಿಮ್ಮ ಗಾಳಕ್ಕೆ ಬಿದ್ದರೆ ಗುರುತಿಸಿ, ನೀರಲ್ಲೇ ಅಳೆದು, ಫೋಟೊ ತೆಗೆದು ಬಿಡಿ, ಮೀನುಗಾರಿಕೆ ಇಲಾಖೆಗೆ ತಿಳಿಸಿ. ಮೊಟ್ಟೆ ತುಂಬಿದ ಯಾವ ಮೀನನ್ನೂ ಮಳೆಗಾಲದಲ್ಲಿ ಕೊಲ್ಲಬೇಡಿ. ಹೊಳೆಗೆ ಸಿಡಿಮದ್ದು, ವಿಷ ಹಾಕುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಕಂಡರೆ ಪೊಲೀಸರಿಗೆ, ಇಲಾಖೆಗೆ ದೂರು ಕೊಡಿ. ಗಾಳ ಹಿಡಿದವರು ವರ್ಷಪೂರ್ತಿ ದಂಡೆಯಲ್ಲಿರುತ್ತಾರೆ, ಹೊಳೆಯಲ್ಲಿ ಆಗುವ ಕೇಡು ಮೊದಲು ಕಾಣುವುದು ಅವರಿಗೇ. ಹೊಳೆ ಕಾಯುವ ಕೆಲಸವೂ ಅವರಿಂದಲೇ ಶುರುವಾಗಲಿ.