ಭರಣಿ ಮಳೆಯ ವಾರದ ಸಂಜೆ ಸಿಡಿಲು

ಆಲ್ಬನಿಯಿಂದ ರಾತ್ರಿ ಹತ್ತೂವರೆಗೆ ಫೋನ್ ಮಾಡಿದರೆ ತುಮಕೂರಿನಲ್ಲಿ ಸಂಜೆ ನಾಲ್ಕು. ಮೇ ಮೊದಲ ವಾರ ಪೂರ್ತಿ ಅಮ್ಮನದು ಒಂದೇ ವರದಿ: ಬೆಳಗ್ಗೆ ತಿಳಿ ಆಕಾಶ, ಮಧ್ಯಾಹ್ನ ಉರಿ, ಈಗ ಗುಡುಗು. "ಹಸ ಹೊಡ್ಕಂಡ್ ಬತ್ತೀನಿ, ಫೋನ್ ಇಡು."

ದಿನಾ ಸಂಜೆಗೇ ಯಾಕೆ? ಆಲ್ಬನಿಗೆ ಎರಡೂ ಬದಿ ಕಡಲು ಹತ್ತಿರ, ನೆಲ ಅಷ್ಟು ಕಾಯೋದಿಲ್ಲ. ಸುಮಾರು 800 ಮೀಟರ್ ಎತ್ತರದ ಆ ಬಯಲುಸೀಮೆ ಮಧ್ಯಾಹ್ನದ ಹೊತ್ತಿಗೆ ಕಾದ ಹೆಂಚು. ದೂರದ ಕಡಲಿಂದ ಬಂದ ತೇವದ ಗಾಳಿ ಅದರ ಮೇಲಿಂದ ಏರುತ್ತಾ, ಹೂಕೋಸಿನಂಥ ಮೋಡವಾಗಿ 10 ಕಿಲೋಮೀಟರ್ ದಾಟುತ್ತೆ. ಒಳಗೆ ಹಿಮದ ಹರಳುಗಳು ಮೆದು ಆಲಿಕಲ್ಲಿಗೆ ಡಿಕ್ಕಿ ಹೊಡೆದು ವಿದ್ಯುದಾವೇಶ ಬೇರೆಯಾಗುತ್ತೆ.

ಮಳೆ ಬಂದರೆ ಅಮ್ಮ ಹಸುವಿನ ಜೊತೆ ಹುಣಸೆಮರದ ಕೆಳಗೆ ನಿಲ್ತಾರೆ. ನನ್ನ ಭಯ ಅದು. ಮರಕ್ಕೆ ಬಡಿದ ಸಿಡಿಲು ಪಕ್ಕದವರಿಗೂ ಜಿಗಿಯಬಹುದು, ನೆಲದಲ್ಲೂ ಹರಡುತ್ತೆ. ಬುಡದಿಂದ ದೂರ ಹೋದಂತೆ ವೋಲ್ಟೇಜ್ ಇಳಿಯುತ್ತೆ. ಹಸುವಿನ ಮುಂಗಾಲು ಹಿಂಗಾಲಿನ ಅಂತರ ನಮ್ಮ ಹೆಜ್ಜೆಗಿಂತ ದೊಡ್ಡದು, ಹಾಗಾಗಿ ವೋಲ್ಟೇಜಿನ ವ್ಯತ್ಯಾಸವೂ ದೊಡ್ಡದು. ಕರೆಂಟ್ ಎದೆಯನ್ನೇ ಹಾದು ಹೋಗುತ್ತೆ. ಒಂದೇ ಮರದಡಿ ನಾಲ್ಕೈದು ದನ ಒಟ್ಟಿಗೆ ಸಾಯೋದು ಇದಕ್ಕೇ.

ಮಿಂಚು ಕಂಡ ತಕ್ಷಣ ಎಣಿಸಿ. 3 ಸೆಕೆಂಡಿಗೆ ಒಂದು ಕಿಲೋಮೀಟರ್. 30ರೊಳಗೆ ಗುಡುಗು ಕೇಳಿದರೆ ಗಟ್ಟಿ ಮನೆಯೊಳಗೆ ಹೋಗಿ. ಕೊನೆಯ ಗುಡುಗಿನ ಮೇಲೂ ಅರ್ಧ ಗಂಟೆ ಹೊರಗೆ ಬರಬೇಡಿ.

ಇಷ್ಟು ಹೇಳಿದ್ದಕ್ಕೆ ಅಮ್ಮ ನಕ್ಕರು. ಆದರೂ ಶುಕ್ರವಾರ ಹಸು ಮೂರಕ್ಕೇ ಕೊಟ್ಟಿಗೆ ಸೇರಿತ್ತು.