ಮನೆಯಲ್ಲಿನ ಆಯುಧ ಮತ್ತು ಬೆಳೆಯುವ ಮಗ

ಕೊಡಂಬಲದಂತಹ ಗ್ರಾಮಗಳ ರೈತರ ಮನೆಗಳಲ್ಲಿ ಮಹಾನವಮಿಯಂದು ಕುಡುಗೋಲು, ಕೊಡಲಿಗಳಿಗೆ ಪೂಜೆ ಸಲ್ಲುತ್ತದೆ. ಅನ್ನ ನೀಡುವ ಸಾಧನಗಳಿಗೆ ಈ ಗೌರವ ಸಹಜವೇ. ಆದರೆ ಹದಿಹರೆಯದ ಮಗನು ಅದೇ ಸಾಧನವನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಜಾತ್ರೆಗೆ ಹೊರಟರೆ ಅದು ಸಾಧನವಲ್ಲ, ಆಯುಧ.

ಹುಡುಗರು ಆಯುಧವನ್ನೇಕೆ ಒಯ್ಯುತ್ತಾರೆ? ಅನೇಕರು ಹೇಳುವ ಕಾರಣ ಆತ್ಮರಕ್ಷಣೆ. ಗೆಳೆಯರ ಮುಂದೆ ಮೆರೆಯುವ ಆಸೆಯೂ ಇರುತ್ತದೆ. ಆದರೆ ಆಯುಧ ಒಯ್ಯುವ ತರುಣರೇ ಹೆಚ್ಚಾಗಿ ಗಾಯಗೊಳ್ಳುತ್ತಾರೆಂದು ಸಂಶೋಧನೆಗಳು ತಿಳಿಸುತ್ತವೆ. ಬರಿಗೈಯ ಜಗಳ ಗುದ್ದಾಟದಲ್ಲಿ ಮುಗಿಯುತ್ತದೆ. ಕೈಯಲ್ಲಿ ಆಯುಧವಿದ್ದರೆ ಕ್ಷಣದ ಸಿಟ್ಟು ಸಾವಿನಲ್ಲಿ ಮುಗಿಯಬಹುದು. ಒಬ್ಬನು ತಂದುದನ್ನು ಕಂಡು ಮತ್ತೊಬ್ಬನೂ ತರುತ್ತಾನೆ.

ಬಂದೂಕಿನ ಅಪಾಯ ಇನ್ನೂ ದೊಡ್ಡದು. ನಮ್ಮ ರಾಜ್ಯದಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿತು. ಉಳಿದವರಿಗೆ 1959ರ ಆಯುಧ ಕಾಯ್ದೆಯಂತೆ ಪರವಾನಗಿ ಬೇಕು. ಸಾಮಾನ್ಯವಾಗಿ 21 ವರ್ಷ ತುಂಬದವರು ಬಂದೂಕು ಹೊಂದುವಂತಿಲ್ಲ. ಮನೆಮನೆಗಳಲ್ಲಿ ಬಂದೂಕು ಸುಲಭವಾಗಿ ಸಿಗುವ ಅಮೆರಿಕದಲ್ಲಿ 2020ರಲ್ಲಿ ಮಕ್ಕಳ ಹಾಗೂ ಹದಿಹರೆಯದವರ ಮರಣಗಳಿಗೆ ಬಂದೂಕೇ ಮೊದಲ ಕಾರಣವಾಯಿತು. ಗುಂಡು ತೆಗೆದು, ಬಂದೂಕನ್ನೂ ಗುಂಡುಗಳನ್ನೂ ಬೇರೆಬೇರೆಯಾಗಿ ಕೀಲಿ ಹಾಕಿಟ್ಟ ಮನೆಗಳಲ್ಲಿ ಮಕ್ಕಳ ಆತ್ಮಹತ್ಯೆ ಮತ್ತು ಆಕಸ್ಮಿಕ ಗಾಯಗಳು ಕಡಿಮೆಯೆಂದು 2005ರಲ್ಲಿ ಅಲ್ಲಿನ ಅಧ್ಯಯನವೊಂದು ತೋರಿಸಿತು.

ದಂಪತಿಗಳು ಅನುಸರಿಸಬೇಕಾದ ಕ್ರಮಗಳು:

1. ಕೆಲಸ ಮುಗಿದೊಡನೆ ಕೊಡಲಿ, ಮಚ್ಚುಗಳನ್ನು ಒಳಗಿಟ್ಟು ಕೀಲಿ ಹಾಕಿರಿ. ಕೀಟನಾಶಕವನ್ನೂ ಹೀಗೆಯೇ ಕೀಲಿಯೊಳಗಿಡಿರಿ. ಕೀಲಿಕೈ ಹಿರಿಯರ ಬಳಿಯಿರಲಿ.

2. ಜಗಳದಲ್ಲಿ ತಂದೆ ಕೊಡಲಿ ಎತ್ತಿದರೆ ಮಗನು ಅದನ್ನೇ ಕಲಿಯುತ್ತಾನೆ. ಪತಿಪತ್ನಿಯರ ಮಾತು ಬಿರುಸಾದಾಗ ಒಬ್ಬರು ಹೊರನಡೆಯುವುದು ಲೇಸು.

3. ಮಗನ ಬಳಿ ಆಯುಧ ಕಂಡರೆ ಹೊಡೆಯಬೇಡಿರಿ. "ಯಾರ ಭಯ ನಿನಗೆ?" ಎಂದು ಕೇಳಿರಿ. ಶಾಲೆಯಲ್ಲಾಗಲಿ ಓಣಿಯಲ್ಲಾಗಲಿ ಅವನನ್ನು ಬೆದರಿಸುವವರಿದ್ದರೆ ಶಿಕ್ಷಕರಿಗೂ ಊರ ಹಿರಿಯರಿಗೂ ತಿಳಿಸಿರಿ.

4. ಕಾನೂನನ್ನು ತಿಳಿಹೇಳಿರಿ. 2015ರ ಬಾಲನ್ಯಾಯ ಕಾಯ್ದೆಯಂತೆ, 16 ವರ್ಷ ತುಂಬಿದ ಬಾಲಕನು ಘೋರ ಅಪರಾಧವೆಸಗಿದರೆ ವಯಸ್ಕನಂತೆ ವಿಚಾರಣೆಗೊಳಪಡಿಸಲು ಅವಕಾಶವಿದೆ.

5. ಮಗನು ಮಾತು ಬಿಟ್ಟು ಮಂಕಾದರೆ, ಸಾಯುವ ಮಾತಾಡಿದರೆ, ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಬಹುದು.

ಸಿಟ್ಟು ಬರುತ್ತದೆ, ಹೋಗುತ್ತದೆ. ಆ ಹೊತ್ತಿನಲ್ಲಿ ಆಯುಧ ಕೈಗೆಟುಕದಿದ್ದರೆ ಎರಡು ಮನೆಗಳ ಮಕ್ಕಳು ಉಳಿಯುತ್ತಾರೆ. ಇಂದು ರಾತ್ರಿ ಮಲಗುವ ಮುನ್ನ, ನಿಮ್ಮ ಮನೆಯ ಕೊಡಲಿ ಎಲ್ಲಿದೆಯೆಂದು ಇಬ್ಬರೂ ಕೂಡಿ ನೋಡಿರಿ.