ತಾಯಂದಿರ ಮೊಣಕಾಲು ನೋವು

ಚಾಳಿನ ಮೆಟ್ಟಿಲುಗಳನ್ನು ಇಳಿಯುವ ಹಿರಿಯ ಹೆಂಗಸರನ್ನು ನೀವು ನೋಡಿರಬಹುದು. ಒಂದು ಕೈಯಿಂದ ಕಟಕಟೆಯನ್ನು ಹಿಡಿದು, ಪ್ರತಿ ಮೆಟ್ಟಿಲಿಗೂ ಎರಡು ಹೆಜ್ಜೆಗಳನ್ನು ಕೂಡಿಸಿಟ್ಟು ಅವರು ಇಳಿಯುತ್ತಾರೆ. ಕೇಳಿದರೆ, “ವಯಸ್ಸಾಯಿತಪ್ಪಾ” ಎಂದು ನಕ್ಕುಬಿಡುತ್ತಾರೆ. ಆ ನಗೆಯ ಹಿಂದಿನ ನೋವನ್ನು ನಾವು ಅರಿಯುವುದು ಅವಶ್ಯ.

ತೊಡೆಯ ಎಲುಬೂ ಕೆಳಗಾಲಿನ ದೊಡ್ಡ ಎಲುಬೂ ಕೂಡುವ ಕೀಲೇ ಮೊಣಕಾಲು. ಅದರ ಮುಂಭಾಗದಲ್ಲಿ ಮಂಡಿಚಿಪ್ಪು ಇರುತ್ತದೆ. ಎಲುಬುಗಳ ತುದಿಗೆ ಮೃದ್ವಸ್ಥಿಯೆಂಬ ನುಣುಪಾದ ಹೊದಿಕೆಯುಂಟು. ಇದರಲ್ಲಿ ರಕ್ತನಾಳಗಳಿಲ್ಲ, ಕೀಲಿನೊಳಗಿನ ದ್ರವವೇ ಇದನ್ನು ಪೋಷಿಸುತ್ತದೆ. ಕಾಲು ಚಲಿಸಿದಂತೆಲ್ಲ ಆ ದ್ರವವು ಹೊದಿಕೆಯೊಳಗೆ ಸೇರುತ್ತದೆ. ಈ ಹೊದಿಕೆ ಸವೆದು ಕೀಲು ಕೆಡುವುದು ಸಂಧಿವಾತದ ಒಂದು ಬಗೆ. 50 ವರ್ಷ ದಾಟಿದವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ, ಇದು ಹೆಚ್ಚು. ಮೈಭಾರವೂ ಹಳೆಯ ಪೆಟ್ಟುಗಳೂ ಇದನ್ನು ಹೆಚ್ಚಿಸುತ್ತವೆ.

ಈ ನೋವು ದಿನಚರಿಯನ್ನು ಮೆಲ್ಲಮೆಲ್ಲನೆ ಕಿರಿದುಗೊಳಿಸುತ್ತದೆ. ಮೊದಲು ಈಳಿಗೆಮಣೆಯ ಮುಂದೆ ಕೂಡುವುದೂ ಕುಕ್ಕುರುಗಾಲಿನಲ್ಲಿ ಬಟ್ಟೆ ಒಗೆಯುವುದೂ ಕಷ್ಟವಾಗುತ್ತವೆ. ಬಳಿಕ ಮೆಟ್ಟಿಲುಗಳು ಬೆಟ್ಟವಾಗುತ್ತವೆ. ಆಮೇಲೆ ಪೇಟೆ, ದೇವಸ್ಥಾನ, ನೆಂಟರ ಮದುವೆ ಒಂದೊಂದಾಗಿ ತಪ್ಪಿಹೋಗುತ್ತವೆ. ನಡೆಯದೆ ಕುಳಿತವರ ತೊಡೆಯ ಸ್ನಾಯುಗಳು ಸೊರಗುತ್ತವೆ; ಸ್ನಾಯು ಸೊರಗಿದರೆ ಕೀಲಿಗೆ ಆಸರೆ ತಪ್ಪಿ ನೋವು ಮತ್ತಷ್ಟು ಹೆಚ್ಚುತ್ತದೆ. ಆದುದರಿಂದ ಸಂಪೂರ್ಣ ವಿಶ್ರಾಂತಿಯೇ ಮದ್ದೆಂದು ತಿಳಿಯುವುದು ತಪ್ಪು.

ಹಾಗಾದರೆ ಪರಿಹಾರವೇನು? ಸಮನೆಲದ ಮೇಲೆ ಮಿತವಾಗಿ ನಡೆಯುವುದು ಹಿತಕರ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ನೀಡಿ, ಐದು ಎಣಿಸುವವರೆಗೆ ಹಿಡಿದು ಇಳಿಸಬೇಕು; ಹೀಗೆ ಹತ್ತು ಸಲ ಮಾಡಿದರೆ ತೊಡೆಯ ಸ್ನಾಯು ಬಲಗೊಳ್ಳುತ್ತದೆ. ಮೈಭಾರ ಹೆಚ್ಚಿರುವವರು ಒಂದು ಕಿಲೋ ಇಳಿಸಿಕೊಂಡರೆ, ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲಿನ ಒತ್ತಡ ಸುಮಾರು ನಾಲ್ಕು ಕಿಲೋಗಳಷ್ಟು ತಗ್ಗುತ್ತದೆ. ಊರುಗೋಲನ್ನು ನೋವಿರುವ ಕಾಲಿನ ಪಕ್ಕದಲ್ಲಲ್ಲ, ಎದುರು ಕೈಯಲ್ಲಿ ಹಿಡಿಯಬೇಕು. ಕೀಲು ಬಿಸಿಯಾಗಿ ಊದಿದರೆ, ಜ್ವರ ಬಂದರೆ, ಕಾಲೂರಲು ಆಗದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಇನ್ನುಳಿದುದು ನಮ್ಮ ಕರ್ತವ್ಯ. ನೀರಿನ ಕೊಡವನ್ನು ನಾವು ಎತ್ತಬಹುದು. ನೆಲವನ್ನು ನಾವು ಒರೆಸಬಹುದು. ಒಲೆಯ ಬಳಿ ಒಂದು ಎತ್ತರದ ಮಣೆಯನ್ನಿಡಬಹುದು. ಸಂಜೆ ತಾಯಿಯ ಕೈಹಿಡಿದು ಬೀದಿಯ ಕೊನೆಯವರೆಗೆ ನಡೆದುಬರಬಹುದು. ನಮಗೆ ನಡೆಯಲು ಕಲಿಸಿದವರು ನಡೆಯುತ್ತಲೇ ಇರುವಂತೆ ನೋಡಿಕೊಳ್ಳುವುದು ನಮಗೆ ಭಾರವೇ?